ಕೆಂಚಿ ಕಾವಿಗೆ ಕೂತದ್ದು

ಲೋಕದ ಮೈ ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಆಗಷ್ಟೇ ಎದ್ದು ನಿಂತು ಒಂದರ ಮುಖ ಒಂದು ನೋಡುತ್ತಿದ್ದವು. ತಾನು ಯಾವ ಕಡೆ ಹರಿಯಬೇಕು ಅನ್ನುವುದು ಹೊಳೆಗೆ ಸರಿಯಾಗಿ ತಿಳಿದಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು. ಕೇಳಿದರೆ ಎಲ್ಲರೂ ಉತ್ತರ ಹೇಳುತ್ತಿದ್ದ ಕಾಲ ಅದು. ಕಲ್ಲೂ ಹೇಳುತ್ತಿತ್ತು, ಕಳ್ಳಿಗಿಡವೂ ಹೇಳುತ್ತಿತ್ತು.

ಆ ಕಾಲದಲ್ಲಿ, ಮಗು, ಯಾವ ಹಕ್ಕಿಯೂ ಕಾವಿಗೆ ಕೂರುತ್ತಿರಲಿಲ್ಲ.

ಹೊಳೆಯ ದಂಡೆಯಲ್ಲಿ ಅಗಲವಾದ ಮರಳಿನ ದಿಬ್ಬ ಇತ್ತು. ನವಿಲು ಬಂದು ಅಲ್ಲಿ ತತ್ತಿ ಇಡುತ್ತಿತ್ತು. ಕೊಕ್ಕರೆ ಬಂದು ಇಡುತ್ತಿತ್ತು. ಬಾತುಕೋಳಿ, ಕಾಗೆ, ಗುಬ್ಬಿ, ಗೌಜಲಹಕ್ಕಿ, ಎಲ್ಲವೂ ಅಲ್ಲೇ. ತತ್ತಿ ಇಟ್ಟ ಮೇಲೆ ಕಾಲಿನಿಂದ ಒಂದಿಷ್ಟು ಮರಳು ಎಳೆದು ಮುಚ್ಚಿ, ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು. ಮಿಕ್ಕಿದ್ದನ್ನೆಲ್ಲ ಸೂರ್ಯ ನೋಡಿಕೊಳ್ಳುತ್ತಿದ್ದ. ಅವನು ದಿನವೂ ಮರಳನ್ನು ಕಾಯಿಸುತ್ತಿದ್ದ, ಮರಳು ತತ್ತಿಯನ್ನು ಕಾಯಿಸುತ್ತಿತ್ತು, ಒಂದು ದಿನ ಚಿಪ್ಪು ಒಡೆದು ಮರಿ ಹೊರಗೆ ಬರುತ್ತಿತ್ತು.

ಬಂದಾಗ ಅಲ್ಲಿ ಯಾರೂ ಇರುತ್ತಿರಲಿಲ್ಲ. ಮರಿಗಳು ಪಿಳಿಪಿಳಿ ಕಣ್ಣು ಬಿಟ್ಟು ನೋಡಿ, ಮುಂದೆ ಕಂಡ ದಾರಿ ಹಿಡಿದು ಓಡುತ್ತಿದ್ದವು. ತಾಯಿಗೆ ಮರಿ ಗೊತ್ತಿಲ್ಲ. ಮರಿಗೆ ತಾಯಿ ಗೊತ್ತಿಲ್ಲ. ಹಾಗೆಂದು ಯಾರಿಗೂ ಬೇಸರವಿರಲಿಲ್ಲ. ಗೊತ್ತೇ ಇಲ್ಲದ್ದಕ್ಕೆ ಬೇಸರ ಎಲ್ಲಿಂದ ಬರಬೇಕು?

ಆ ಹಕ್ಕಿಗಳ ನಡುವೆ ಕೆಂಚಿ ಅಂತ ಒಂದು ಹೇಂಟೆ ಇದ್ದಳು. ಕೆಮ್ಮಣ್ಣಿನ ಬಣ್ಣದ ಗರಿ, ದಾಸವಾಳದಂಥ ಜುಟ್ಟು. ಅವಳೂ ಎಲ್ಲರ ಹಾಗೇ ಇದ್ದಳು. ಹೊತ್ತು ಹುಟ್ಟಿದರೆ ನೆಲ ಕೆದರಬೇಕು, ಹುಳ ಹೆಕ್ಕಬೇಕು, ಮಣ್ಣಿನಲ್ಲಿ ಹೊರಳಬೇಕು. ದಿಬ್ಬದ ಅಂಚಿನಲ್ಲಿ ಒಂದು ಲಕ್ಕಿಗಿಡ ಇತ್ತು. ಅದರ ಬುಡದಲ್ಲಿ ಅವಳು ತತ್ತಿ ಇಟ್ಟಿದ್ದಳು. ಇಟ್ಟು ಮರೆತಿದ್ದಳು.

ಹೀಗಿರುವಾಗ ಒಂದು ದಿನ ಮುಗಿಲು ಸೂರ್ಯನ ಹತ್ತಿರ ಬಂದು ನಿಂತಿತು.

"ಲೋಕ ಹುಟ್ಟಿದಾಗಿನಿಂದ ಒಂದೇ ಸಮನೆ ಉರೀತಿದ್ದೀಯಲ್ಲ, ದಣಿವಾಗಲ್ವಾ ನಿನಗೆ?" ಅಂತ ಕೇಳಿತು.

ಸೂರ್ಯನನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಕೇಳಿದ ಕೂಡಲೇ ಅವನಿಗೆ ತುಂಬಾ ದಣಿವಾಯಿತು.

"ಒಂದು ಚೂರು ಒರಗ್ತೀನಿ. ಅಲ್ಲಿವರೆಗೆ ನೀನು ಇಲ್ಲಿರ್ತೀಯಾ?" ಅಂದ.

"ಅದಕ್ಕೇನಂತೆ, ಇರ್ತೀನಿ" ಅಂದಿತು ಮುಗಿಲು. ಅದಕ್ಕೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೆ ಮುಗಿಲಿಗೆ ಗೊತ್ತಿದ್ದದ್ದು ಮುಚ್ಚುವುದೊಂದೇ, ಕಾಯಿಸುವುದು ಗೊತ್ತಿರಲಿಲ್ಲ. ಅದು ಆಕಾಶದ ಈ ಮೂಲೆಯಿಂದ ಆ ಮೂಲೆಯವರೆಗೆ ಕಂಬಳಿಯ ಹಾಗೆ ಹರಡಿಕೊಂಡಿತು. ಸೂರ್ಯ ಅದರ ಹಿಂದೆ ಕಣ್ಣು ಮುಚ್ಚಿದವನು ಗಾಢ ನಿದ್ದೆಗೆ ಹೋದ.

ಮರಳು ಆರಿತು. ಬಡಗಣ ಗಾಳಿ ಬೀಸತೊಡಗಿತು.

ಹೊಳೆ ದಂಡೆಯುದ್ದಕ್ಕೂ ಹೋಗುತ್ತಾ ಹಕ್ಕಿಗಳಿಗೆಲ್ಲ ಹೇಳಿತು. "ಮರಳು ತಣ್ಣಗಾಗ್ತಿದೆ. ನಿಮ್ಮ ತತ್ತಿಗಳೂ ತಣ್ಣಗಾಗ್ತಿವೆ. ಬಂದು ನೋಡಿ."

ಹಕ್ಕಿಗಳು ಬಂದು ನೋಡಿದವು.

"ನಾಳೆ ಸೂರ್ಯ ಏಳ್ತಾನೆ ಬಿಡು" ಅಂದಿತು ಕೊಕ್ಕರೆ. ಮಾರನೆಯ ದಿನ ಸೂರ್ಯ ಏಳಲಿಲ್ಲ.

"ಇವು ಹೋದರೆ ಬೇರೆ ಇಟ್ಟರಾಯ್ತು" ಅಂದಿತು ನವಿಲು. ಬಾತುಕೋಳಿ ಗರಿ ಒದರಿಕೊಂಡು ಹೊರಟಿತು. ಒಂದೊಂದಾಗಿ ಎಲ್ಲವೂ ಚಳಿಗೆ ಹೆದರಿ ತೆಂಕಣ ಬೆಟ್ಟದ ಕಡೆಗೆ ಹೊರಟವು.

ಕೆಂಚಿಯೂ ಹೊರಟಳು. ಹೋಗುವ ದಾರಿಯಲ್ಲಿ ಲಕ್ಕಿಗಿಡ ಸಿಕ್ಕಿತು. ಅವಳ ಕಾಲು ಒಂದು ತತ್ತಿಗೆ ತಗುಲಿತು. ತತ್ತಿ ಸ್ವಲ್ಪ ಉರುಳಿತು. ಉರುಳಿ ನಿಂತ ಮೇಲೆ, ಯಾರೂ ಮುಟ್ಟದೆ, ತಾನಾಗಿಯೇ ಇನ್ನೊಂದು ಚೂರು ಅಲುಗಿತು.

ಕೆಂಚಿ ನಿಂತಳು. ಬಗ್ಗಿ ನೋಡಿದಳು. ಒಳಗೆ ಯಾರೋ ಇದ್ದಾರೆ.

ಅವಳಿಗೆ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಹೇಳಿಕೊಡುವವರು ಯಾರೂ ಇರಲಿಲ್ಲ. ಅದುವರೆಗೆ ಯಾರೂ ಮಾಡದ ಕೆಲಸ ಅದು. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ತತ್ತಿಗಳ ಮೇಲೆ ಮೆಲ್ಲಗೆ ಕೂತಳು. ಗಾಳಿ ತಡೆದರೆ ಸಾಕು ಅಂದುಕೊಂಡಿದ್ದಳು. ತಣ್ಣನೆಯ ತತ್ತಿ ಹೊಟ್ಟೆಗೆ ತಾಗಿ ಅವಳ ಮೈಯೆಲ್ಲ ನಡುಗಿತು. ನಡುಗುತ್ತಾ ಕೂತೇ ಇದ್ದಳು. ಹಾಗೆ ಕೂತಿರುವಾಗ ನಡುಕ ನಿಂತಿತು. ತತ್ತಿಗಳ ತಂಪು ಹೋಯಿತು. ಆಮೇಲೆ ಅವಳಿಗೆ ಏಳಲು ಮನಸ್ಸೇ ಬರಲಿಲ್ಲ.

ಗಾಳಿ ಸುತ್ತ ಸುಳಿದು ಕೇಳಿತು. "ಎಲ್ಲರೂ ಹೋದರು. ನೀನ್ಯಾಕೆ ಕೂತಿದ್ದೀಯ?"

"ನಾನೆದ್ದರೆ ಇವು ತಣ್ಣಗಾಗ್ತವೆ."

"ನಾನು ಬೀಸದೆ ಇರೋಕಾಗಲ್ಲ ಕೆಂಚಿ. ನಿನ್ನ ಗರಿಯೊಳಗೂ ನುಗ್ತೀನಿ."

"ನೀನು ಬೀಸು. ನಿನ್ನ ಕೆಲಸ ನೀನು ಮಾಡು" ಅಂದಳು ಕೆಂಚಿ. ಹೇಳಿ, ಮೈಮೇಲಿನ ಒಂದೊಂದು ಗರಿಯನ್ನೂ ನಿಮಿರಿಸಿ ಉಬ್ಬಿಸಿಕೊಂಡಳು. ಕೋಳಿಯೊಂದು ಬಿದಿರಿನ ಮಂಕರಿಯಷ್ಟು ದೊಡ್ಡದಾಗಿ ಕಂಡದ್ದು ಅದೇ ಮೊದಲು. ಗಾಳಿ ಒಳನುಗ್ಗಲು ನೋಡಿತು, ಸಂದು ಸಿಗಲಿಲ್ಲ. ಅವಳ ಹಟ ನೋಡಿ ಗಾಳಿಗೇ ಅವಳ ಮೇಲೆ ಮರ್ಯಾದೆ ಬಂತು.

ಕೂತಲ್ಲೇ ಅವಳು ಒಂದೊಂದಾಗಿ ಕಲಿತಳು. ಎದೆಯ ಗರಿ ಬಿಸಿಯನ್ನು ಮೈಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ತತ್ತಿಗೆ ಬಿಡುವುದಿಲ್ಲ ಅನ್ನುವುದು ತಿಳಿಯಿತು. ಕೊಕ್ಕಿನಿಂದ ಎದೆಯ ಗರಿ ಕಿತ್ತು ತತ್ತಿಗಳ ಸುತ್ತ ಹಾಸಿದಳು, ಬರಿಮೈಯನ್ನೇ ತತ್ತಿಗೆ ಒತ್ತಿದಳು. ಅಂಚಿನಲ್ಲಿರುವ ತತ್ತಿಗೆ ನಡುವಿನದರಷ್ಟು ಕಾವು ಸಿಗುವುದಿಲ್ಲ ಅನ್ನುವುದು ತಿಳಿಯಿತು. ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ಉರುಳಿಸಿದಳು. ಒಂದನ್ನೂ ಬಿಡಲಿಲ್ಲ.

ಹೊಳೆಯ ಮೇಲುಗಡೆ ಒಂದು ಜೊಂಡಿನ ಗುಡಿಸಲು ಇತ್ತು. ಅಲ್ಲಿ ದ್ಯಾವಕ್ಕ ಅನ್ನುವ ಹೆಂಗಸೂ ಅವಳ ಗಂಡ ಬೈರನೂ ಇದ್ದರು. ಆ ಸೀಮೆಗೆಲ್ಲ ಮನುಷ್ಯರು ಅಂದರೆ ಅವರಿಬ್ಬರೇ. ಚಳಿಗೆ ಮೀನು ಹೊಳೆಯ ತಳ ಸೇರಿದ್ದವು. ಮಡಕೆಯಲ್ಲಿ ಸಜ್ಜೆ ಕಡಿಮೆಯಾಗಿತ್ತು. ದ್ಯಾವಕ್ಕ ಬುಟ್ಟಿ ಹಿಡಿದು ದಿಬ್ಬಕ್ಕೆ ಬಂದು, ಹಕ್ಕಿಗಳು ಬಿಟ್ಟುಹೋದ ತತ್ತಿಗಳನ್ನು ಆಯ್ದುಕೊಂಡು ಹೋಗುತ್ತಿದ್ದಳು. ಬೇಯಿಸಿ ಇಬ್ಬರೂ ತಿನ್ನುತ್ತಿದ್ದರು. ಹಾಗೇ ಕಾಲ ತಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಅವಳು ಲಕ್ಕಿಗಿಡದ ಹತ್ತಿರ ಬಂದು ಬುಡಕ್ಕೆ ಕೈ ಹಾಕಿದಳು. ಕೆಂಚಿ ಕುಕ್ಕಿದಳು. ಕೈಯಲ್ಲಿ ರಕ್ತ ಬಂತು.

ದ್ಯಾವಕ್ಕ ಕೈ ಹಿಂದಕ್ಕೆಳೆದು ನಿಂತಳು. ರಕ್ತ ಬಂದದ್ದಕ್ಕಲ್ಲ ಅವಳು ಬೆರಗಾದದ್ದು. ಕೈಗೆ ಬಿಸಿ ತಾಗಿತ್ತು. ಎಷ್ಟೋ ದಿನದಿಂದ ಆ ದಂಡೆಯಲ್ಲಿ ಅವಳು ಮುಟ್ಟಿದ್ದೆಲ್ಲ ತಣ್ಣಗೆ ಕೊರೆಯುತ್ತಿತ್ತು. ಇದೊಂದು ಬಿಸಿಯಾಗಿತ್ತು.

"ಅಲ್ಲವ್ವಾ, ಸೂರ್ಯನ ಕೆಲಸ ನೀನು ಮಾಡ್ತಾ ಕೂತಿದ್ದೀಯಾ?" ಅಂದಳು.

"ಅವನು ಮಲಗಿದ್ದಾನೆ. ಮತ್ತೆ ಯಾರು ಮಾಡ್ಬೇಕು?" ಅಂದಳು ಕೆಂಚಿ.

ದ್ಯಾವಕ್ಕ ಸೆರಗಿನಿಂದ ಬೆರಳು ಒರೆಸಿಕೊಂಡು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದಳು. ಆಗ ಹೊಳೆ ಅವಳ ಹತ್ತಿರ ಬಂದು ಹೇಳಿತು. "ಮುಗಿಲು ಮಳೆ ಸುರಿಸ್ತಿದೆ. ನಾನು ಉಬ್ತಾ ಇದ್ದೀನಿ, ನನ್ನ ಕೈ ಮೀರ್ತಿದೆ. ಅವಳನ್ನ ಇಲ್ಲಿಂದ ಕರ್ಕೊಂಡು ಹೋಗು ದ್ಯಾವಕ್ಕ."

ದ್ಯಾವಕ್ಕ ಆಗಲೇ ಕೆಂಚಿಯನ್ನೂ ತತ್ತಿಗಳನ್ನೂ ಬುಟ್ಟಿಯಲ್ಲಿಟ್ಟುಕೊಂಡು ಗುಡಿಸಲಿಗೆ ಹೋದಳು. ಆದರೆ ನೆಲಕ್ಕಿಟ್ಟ ಕೂಡಲೇ ಕೆಂಚಿ ರೆಕ್ಕೆ ಬಡಿದು ಹೊರಗೆ ಓಡಿದಳು. ಓಡಿಹೋಗಿ ಲಕ್ಕಿಗಿಡದ ಬುಡದ ಬರೀ ಗುಂಡಿಯಲ್ಲಿ ಕೂತಳು. ತತ್ತಿಗಳು ಗುಡಿಸಲಲ್ಲಿ, ಅವಳು ಗಿಡದ ಬುಡದಲ್ಲಿ. ದ್ಯಾವಕ್ಕ ಬುಟ್ಟಿ ಎತ್ತಿಕೊಂಡು ಏದುಸಿರು ಬಿಡುತ್ತಾ ಹಿಂದೆಯೇ ಓಡಿದಳು. ತತ್ತಿ ಇನ್ನೂ ಪೂರ್ತಿ ಆರಿರಲಿಲ್ಲ, ಅಷ್ಟೇ ಪುಣ್ಯ.

"ನನ್ನ ಜಾಗ ಇದು" ಅಂದಳು ಕೆಂಚಿ.

ಹೌದಲ್ಲ, ಹಗಲಲ್ಲಿ ತಂದದ್ದಕ್ಕೆ ದಾರಿ ನೋಡಿಕೊಂಡು ಹಿಂದಿರುಗಿ ಬಂದಳು, ದಾರಿ ಕಾಣದಿದ್ದರೆ ಬರುತ್ತಿರಲಿಲ್ಲ ಅಂತ ದ್ಯಾವಕ್ಕನಿಗೆ ಹೊಳೆಯಿತು. ಸಂಜೆ ಮಬ್ಬಾಗುವವರೆಗೆ ಕಾದಳು. ಹುಲ್ಲು ಹಾಸಿದ ಬುಟ್ಟಿಯಲ್ಲಿ ತತ್ತಿಗಳನ್ನಿಟ್ಟು, ಕೆಂಚಿಯನ್ನು ಅದರ ಮೇಲೆ ಕೂರಿಸಿ, ಕಂಬಳಿ ಮುಚ್ಚಿ, ಅಲುಗದ ಹಾಗೆ ಹೊತ್ತು ನಡೆದಳು. ಗುಡಿಸಲಿನಲ್ಲಿ ಸಜ್ಜೆ ಮಡಕೆಯ ಹಿಂದೆ ಕತ್ತಲ ಮೂಲೆಯಲ್ಲಿ ಇಳಿಸಿದಳು. ಬೆಳಗಾಗುವಷ್ಟರಲ್ಲಿ ಕೆಂಚಿ ಆ ಮೂಲೆಯನ್ನೇ ಬೆಚ್ಚಗೆ ಮಾಡಿಕೊಂಡಿದ್ದಳು. ಬೆಚ್ಚಗಾದ ಮೇಲೆ ಅದೇ ಅವಳ ಜಾಗವಾಯಿತು. ಅತ್ತ ಲಕ್ಕಿಗಿಡದ ಬುಡದ ಗುಂಡಿಯನ್ನು ಹೊಳೆ ತುಂಬಿಕೊಂಡು ಹರಿದಿತ್ತು.

ಬೈರ ಎದ್ದು ನೋಡಿದ. ಅವನು ಕೆಟ್ಟವನಲ್ಲ, ಹಸಿದವನು.

"ಮನೆಗೇ ತಂದಿದ್ದೀಯಲ್ಲ, ಒಳ್ಳೇದಾಯ್ತು. ನೀರು ಕಾಯಿಸ್ಲಾ?" ಅಂದ.

"ಬೇಯಿಸೋಕೆ ತಂದಿದ್ದಲ್ಲ."

"ಮತ್ತೆ?"

"ಅವಳು ಕೂತಿದ್ದಾಳೆ. ಕೂತಿರ್ಲಿ."

"ಮಡಕೇಲಿ ಎಷ್ಟಿದೆ ಗೊತ್ತಾ ನಿನಗೆ?" ಅಂದ ಬೈರ. ದ್ಯಾವಕ್ಕನಿಗೆ ಗೊತ್ತಿತ್ತು. ಅದರಲ್ಲೇ ಒಂದು ಹಿಡಿ ತೆಗೆದು ಕೆಂಚಿಯ ಕೊಕ್ಕಿನ ಮುಂದೆ ಹಾಕಿದಳು. ಬೈರ ಹೊರಗೆ ಹೋದ.

ಕೊಕ್ಕಿನ ಮುಂದೆ ಕಾಳು ಹಾಕಿದ್ದು ತಪ್ಪಾಯಿತು. ಕಾಳಿಗೆ ಇರುವೆ ಬಂತು. ಕೆಂಚಿ ಕೂತಲ್ಲೇ ತಿಂದು ಕೂತಲ್ಲೇ ಹೇತು ಗೂಡು ಗಲೀಜಾಯಿತು. ದ್ಯಾವಕ್ಕ ಗೂಡಿನ ಹುಲ್ಲು ಬದಲಿಸಿದಳು, ಹೇನು ಆಗದಿರಲಿ ಅಂತ ಕೆಳಗೆ ಒಲೆಯ ಬೂದಿ ಚೆಲ್ಲಿದಳು. ಕಾಳೂ ನೀರೂ ಬಾಗಿಲ ಹತ್ತಿರ ಇಟ್ಟಳು. ಎದ್ದು ಬಂದು ತಿನ್ನಲಿ ಅಂತ.

ಕೆಂಚಿ ಏಳಲಿಲ್ಲ. ಅವತ್ತೂ ಏಳಲಿಲ್ಲ, ಮಾರನೆಯ ದಿನವೂ ಏಳಲಿಲ್ಲ. ಕಾಳು ಹಾಗೇ ಇತ್ತು. ನೀರು ಹಾಗೇ ಇತ್ತು. ದಾಸವಾಳದಂಥ ಜುಟ್ಟು ಬಾಡಿ ಬಿಳಿಚಿತು. ಎತ್ತಿ ನೋಡಿದರೆ ಮೈಯಲ್ಲಿ ಗರಿಯ ತೂಕ ಬಿಟ್ಟರೆ ಬೇರೇನೂ ಇದ್ದಂತಿರಲಿಲ್ಲ.

ದ್ಯಾವಕ್ಕ ಅವಳ ಎದುರು ಕೂತು ಹೇಳಿದಳು. "ಹೀಗೆ ಕೂತರೆ ನೀನು ಸಾಯ್ತೀಯ. ನೀನು ಸತ್ತರೆ ಇವಕ್ಕೆ ಕಾವು ಎಲ್ಲಿಂದ ಬರುತ್ತೆ? ಎದ್ದು ಹೋಗಿ ತಿಂದು ಬಾ. ಅಷ್ಟು ಹೊತ್ತು ನಾನು ನೋಡ್ಕೋತೀನಿ."

ಕೆಂಚಿ ಅವಳ ಕೈ ನೋಡಿದಳು. "ಆ ಕೈ ದಿಬ್ಬದ ಮೇಲಿನ ತತ್ತಿ ಎಲ್ಲಾ ಎತ್ಕೊಂಡು ಹೋಗಿದ್ದನ್ನ ನಾನು ಕೂತಲ್ಲಿಂದಲೇ ನೋಡಿದ್ದೀನಿ" ಅಂದಳು.

ದ್ಯಾವಕ್ಕ ಇಲ್ಲ ಅನ್ನಲಿಲ್ಲ. ಒಲೆಯ ಹತ್ತಿರ ಹೋಗಿ ಎರಡೂ ಅಂಗೈ ಬೆಂಕಿಗೆ ಹಿಡಿದು, ಬೆಚ್ಚಗಾದ ಮೇಲೆ ಬಂದು, ಗೂಡಿನ ಅಂಚಿಗೆ ಅಂಗಾತ ಇಟ್ಟಳು. "ಮುಟ್ಟಿ ನೋಡು. ಇವತ್ತಿಗೆ ಈ ಕೈ ಇದಕ್ಕೇ" ಅಂದಳು.

ಕೆಂಚಿ ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ನೋಡಿದಳು, ಇನ್ನೊಂದು ಕಣ್ಣಿನಿಂದ ನೋಡಿದಳು. ಕಡೆಗೆ ಮೆಲ್ಲನೆ ಎದ್ದಳು. ಕಾಲು ಜೋಮು ಹಿಡಿದು ಒಂದು ಸಲ ಮುಗ್ಗರಿಸಿದಳು. ದ್ಯಾವಕ್ಕ ಕೂಡಲೇ ಅಂಗೈಗಳನ್ನು ತತ್ತಿಗಳ ಮೇಲೆ ಮುಚ್ಚಿದಳು.

ಕೆಂಚಿ ಬಾಗಿಲ ಕಡೆಗೆ ಓಡಿದಳು. ಓಡುವಾಗ ಒಂದು ಹೊಸ ದನಿ ತೆಗೆದಳು. ಕ್ಲುಕ್, ಕ್ಲುಕ್, ಕ್ಲುಕ್. ಅಲ್ಲಿಯವರೆಗೆ ಯಾವ ಕೋಳಿಯೂ ಆ ದನಿ ಮಾಡಿರಲಿಲ್ಲ. ನಾನು ಇಲ್ಲೇ ಇದ್ದೀನಿ, ದೂರ ಹೋಗಿಲ್ಲ ಅಂತ ಚಿಪ್ಪಿನೊಳಗಿನವರಿಗೆ ಹೇಳುವ ದನಿ ಅದು. ಕಾಳು ಗಬಗಬ ತಿಂದಳು, ನೀರು ಕುಡಿದಳು, ಹೊರಗೆ ಹೋಗಿ ಬಂದಳು, ಬೂದಿಗುಡ್ಡೆಯಲ್ಲಿ ಎರಡು ಸಲ ಹೊರಳಿ ಮೈ ಒದರಿದಳು. ಎಲ್ಲ ಮಾಡುವಾಗಲೂ ಕ್ಲುಕ್, ಕ್ಲುಕ್ ಅನ್ನುತ್ತಲೇ ಇದ್ದಳು. ತಿರುಗಿ ಓಡಿ ಬಂದು ಒಂದೊಂದು ತತ್ತಿಯನ್ನೂ ಕೊಕ್ಕಿನಿಂದ ಮುಟ್ಟಿ ನೋಡಿದಳು. ಎಲ್ಲವೂ ಇದ್ದವು. ಎಲ್ಲವೂ ಬೆಚ್ಚಗಿದ್ದವು.

ಆಮೇಲೆ ದ್ಯಾವಕ್ಕನ ಕೈಯನ್ನು ಟಪ್ಪನೆ ಕುಕ್ಕಿದಳು.

"ಈಗ್ಯಾಕೆ ಕುಕ್ಕಿದೆ?"

"ನಿನ್ನ ಕೆಲಸ ಆಯ್ತು. ತೆಗಿ ಕೈ" ಅಂದಳು ಕೆಂಚಿ.

ದ್ಯಾವಕ್ಕ ನಕ್ಕಳು. ಆ ಚಳಿಗಾಲ ಶುರುವಾದ ಮೇಲೆ ಆ ಗುಡಿಸಲಿನಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಅಲ್ಲಿಂದ ದಿನಕ್ಕೊಂದು ಸಲ ಹಾಗೇ ನಡೆಯಿತು. ಕೆಂಚಿ ಏಳುತ್ತಿದ್ದಳು, ದ್ಯಾವಕ್ಕನ ಕೈ ಬರುತ್ತಿತ್ತು. ಕೆಂಚಿ ಬರುತ್ತಿದ್ದಳು, ಕುಕ್ಕುತ್ತಿದ್ದಳು, ದ್ಯಾವಕ್ಕನ ಕೈ ಹೋಗುತ್ತಿತ್ತು.

ನಡುವೆ ಒಂದು ದಿನ ದ್ಯಾವಕ್ಕನಿಗೆ ಹೊಳೆಯ ಅಂಚಿನ ಕೆಸರಿನಲ್ಲಿ ಬಾತುಕೋಳಿಯ ತತ್ತಿ ಒಂದು ಸಿಕ್ಕಿತು. ತಂದು ಕೆಂಚಿಯ ಮುಂದೆ ಇಟ್ಟಳು.

"ಇದು ನನ್ನದಲ್ಲ" ಅಂದಳು ಕೆಂಚಿ.

"ನಿನ್ನದಲ್ಲ. ಬಾತುಕೋಳಿಯದು."

ಕೆಂಚಿ ಅದನ್ನು ಕೊಕ್ಕಿನಿಂದ ಮುಟ್ಟಿದಳು. "ತಣ್ಣಗಿದೆ" ಅಂದಳು. ಕತ್ತು ಚಾಚಿ ಅದನ್ನು ಎದೆಯ ಕೆಳಕ್ಕೆ ಎಳೆದುಕೊಂಡಳು. "ತಣ್ಣಗಿರೋದು ಯಾರದ್ದಾದರೇನು?"

ದ್ಯಾವಕ್ಕ ಇನ್ನಷ್ಟು ತಂದಳು. ಆದರೆ ತಂದಿಟ್ಟದ್ದು ಒಂದು ಕಡೆ ಒಳಗೆ ಹೋದರೆ ಇನ್ನೊಂದು ಕಡೆ ಒಂದು ಹೊರಗೆ ಉರುಳಿತು. "ನನ್ನ ರೆಕ್ಕೆ ಮುಚ್ಚುವಷ್ಟೇ ನಾನು ಸಾಕಬಲ್ಲೆ" ಅಂದಳು ಕೆಂಚಿ. ಅದನ್ನು ಹೇಳುವಾಗ ಅವಳು ದ್ಯಾವಕ್ಕನ ಮುಖ ನೋಡಲಿಲ್ಲ. ದ್ಯಾವಕ್ಕ ಮಿಕ್ಕವನ್ನು ಹಿಂದಕ್ಕೆ ತೆಗೆದುಕೊಂಡಳು.

ಅದೇ ವಾರ ಕೆಂಚಿ ತನ್ನದೇ ಒಂದು ತತ್ತಿಯನ್ನು ಹೊರಗೆ ತಳ್ಳಿದಳು. ದ್ಯಾವಕ್ಕ ಒಳಗೆ ಇಟ್ಟಳು. ಕೆಂಚಿ ಮತ್ತೆ ತಳ್ಳಿದಳು. "ಅದರೊಳಗೆ ಯಾರೂ ಇಲ್ಲ ಕಣವ್ವಾ. ನಾನು ಬಹಳ ಕರೆದು ನೋಡಿದೆ" ಅಂದಳು. ದ್ಯಾವಕ್ಕ ಆ ತತ್ತಿಯನ್ನು ಬೇಯಿಸಲಿಲ್ಲ. ಗುಡಿಸಲ ಹಿಂದೆ ಹೂತು ಬಂದಳು.

ಅಷ್ಟರಲ್ಲಿ ಒಂದು ಕಷ್ಟ ಬಂತು. ಮಳೆಯಲ್ಲಿ ನೆನೆದು ನೆನೆದು ದ್ಯಾವಕ್ಕನಿಗೆ ಜ್ವರ ಬಂತು. ಕಂಬಳಿ ಹೊದ್ದು ಮಲಗಿದವಳಿಗೆ ಏಳಲಾಗಲಿಲ್ಲ. ಕೆಂಚಿ ತಿನ್ನಲು ಏಳುವ ಹೊತ್ತಾಯಿತು.

"ಬೈರ, ಹೋಗಿ ತತ್ತಿ ಮೇಲೆ ಕೈ ಇಡು. ಅವಳು ತಿಂದು ಬರ್ಲಿ" ಅಂದಳು ದ್ಯಾವಕ್ಕ.

ಬೈರ ಒಲೆಗೆ ಕೈ ಕಾಯಿಸಿಕೊಂಡು ಬಂದು ಗೂಡಿನ ಮುಂದೆ ಕೂತ. ಅವನ ಹೊಟ್ಟೆ ಗೊರ್ ಅಂತ ಸದ್ದು ಮಾಡಿತು. ಕೆಂಚಿಗೆ ಅದು ಕೇಳಿಸಿತು.

"ನೀನು ಹಸಿದಿದ್ದೀಯ" ಅಂದಳು.

"ಹೂಂ."

"ನಾನೂ ಹಸಿದಿದ್ದೀನಿ."

"ಕಾಣ್ತಿದೆ" ಅಂದ ಬೈರ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕೆಂಚಿಗೆ ಬೇರೆ ದಾರಿ ಇರಲಿಲ್ಲ. ಅವಳು ಎದ್ದಳು. ಎದ್ದಾಗ ಅವಳ ಎದೆ ಬೈರನ ಕಣ್ಣ ಮುಂದೆಯೇ ಬಂತು. ಒಂದು ಗರಿಯೂ ಇಲ್ಲ. ಬರಿಯ ಕೆಂಪು ತೊಗಲು, ಅದರ ಮೇಲೆ ತತ್ತಿಗಳ ಗುಂಡನೆಯ ಅಚ್ಚು. ಬೈರ ಅದನ್ನು ಅದುವರೆಗೆ ನೋಡಿರಲಿಲ್ಲ. ಉಬ್ಬಿದ ಗರಿಗಳನ್ನಷ್ಟೇ ನೋಡಿ, ಚೆನ್ನಾಗಿ ಮೈ ತುಂಬಿಕೊಂಡಿದೆ ಅಂದುಕೊಂಡಿದ್ದ.

ಅವನು ಅಂಗೈಗಳನ್ನು ತತ್ತಿಗಳ ಮೇಲೆ ಇಟ್ಟ. ಬಾಗಿಲಾಚೆ ಕ್ಲುಕ್, ಕ್ಲುಕ್ ಕೇಳುತ್ತಿತ್ತು. ಆ ದನಿ ಕೇಳಿದ ಹಾಗೆ ಅವನ ಎಡಗೈಯ ಕೆಳಗೆ ಏನೋ ಮಿಸುಕಿತು. ಚಿಪ್ಪಿನ ಒಳಗಿನಿಂದ ಯಾರೋ ಸಣ್ಣಗೆ ತಟ್ಟಿದ ಹಾಗೆ. ಆಮೇಲೆ ಬಲಗೈಯ ಕೆಳಗೂ. ಬೈರ ಅಲುಗದೆ ಕೂತ. ತನ್ನ ದೊಡ್ಡ ಕೈಗಳನ್ನು ಅವನು ಎತ್ತಲಿಲ್ಲ.

ಕೆಂಚಿ ಬಂದು ಒಂದೊಂದನ್ನೂ ಮುಟ್ಟಿ ನೋಡಿ ಅವನ ಕೈಯನ್ನೂ ಕುಕ್ಕಿದಳು. ಅವನು ಕೈ ತೆಗೆದು ಹೆಂಡತಿಯ ಹತ್ತಿರ ಹೋಗಿ ಕೂತ.

"ಒಳಗಿಂದ ತಟ್ತಾವೆ ಕಣೇ" ಅಂದ.

"ಗೊತ್ತು" ಅಂದಳು ದ್ಯಾವಕ್ಕ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದರೆ ನಿನಗೆ ತಿಳೀತಿತ್ತಾ?"

ಬೈರ ಯೋಚಿಸಿ, ಇಲ್ಲ ಅಂದ. ಅವತ್ತು ಮಧ್ಯಾಹ್ನ ಅವನು ಮಳೆಯಲ್ಲೇ ಹೋಗಿ ಗೆಡ್ಡೆ ಅಗೆದು ತಂದ. ಬಿದಿರು ಸೀಳಿ, ಮುಂಗುಸಿ ನುಗ್ಗದ ಹಾಗೆ ಒತ್ತಾಗಿ ಹೆಣೆದು, ಕೆಂಚಿಯ ಮೇಲೆ ಕವುಚಲು ಒಂದು ದೊಡ್ಡ ಮಂಕರಿ ಮಾಡಿದ. ತತ್ತಿ ಬೇಯಿಸುವ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ದ್ಯಾವಕ್ಕನ ಜ್ವರ ಇಳಿದು ಅವಳು ಎದ್ದು ಓಡಾಡುವ ಹೊತ್ತಿಗೆ, ಒಂದು ಮುಂಜಾನೆ ಗೂಡಿನೊಳಗಿಂದ ಚಿಂವ್ ಅಂತ ಸದ್ದು ಬಂತು. ಕೆಂಚಿ ಕ್ಲುಕ್ ಅಂದಳು. ಒಳಗಿಂದ ಚಿಂವ್. ಮೇಲಿಂದ ಕ್ಲುಕ್. ಚಿಪ್ಪಿನಲ್ಲಿ ಸಣ್ಣ ಬಿರುಕು ಬಿತ್ತು. ದ್ಯಾವಕ್ಕ ಒಡೆಯಲು ಕೈ ಚಾಚಿದಳು.

"ಬೇಡ. ಅದರ ಕೆಲಸ ಅದು ಮಾಡ್ಲಿ" ಅಂದಳು ಕೆಂಚಿ.

ಸಂಜೆಯ ಹೊತ್ತಿಗೆ ಅವಳ ರೆಕ್ಕೆಯಡಿಯಿಂದ ಪುಟ್ಟ ಪುಟ್ಟ ತಲೆಗಳು ಇಣುಕಿದವು. ಒಂದು ಹಳದಿ, ಒಂದು ಕಂದು, ಒಂದು ಬೆನ್ನ ಮೇಲೆ ಗೆರೆ ಇರುವುದು. ಹೊರಗೆ ಬಂದ ಒಂದೂ ಕಂಡ ದಾರಿ ಹಿಡಿದು ಓಡಲಿಲ್ಲ. ಕ್ಲುಕ್ ಅನ್ನುವ ದನಿ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ, ಅವಳ ಮುಖ ನೋಡಿ, ಅವಳ ಎದೆಯ ಕೆಳಗೇ ನುಗ್ಗಿದವು.

ಕೆಂಚಿ ಒಂದೊಂದು ತಲೆಯನ್ನೂ ಕೊಕ್ಕಿನಿಂದ ಮುಟ್ಟಿ ನೋಡಿದಳು. ಆಮೇಲೆ, "ನನ್ನನ್ನ ಗುರುತು ಹಿಡಿದವು" ಅಂದಳು.

ಬಾತುಕೋಳಿಯ ತತ್ತಿ ಮಾತ್ರ ಹಾಗೇ ಇತ್ತು. ಮರಿಗಳಿಗೆ ಹಸಿವು, ಹೊರಗೆ ಹೋಗಬೇಕು. ಕೆಂಚಿಗೂ ಹೋಗಬೇಕು, ನೆಲ ಕೆದರಿ ತೋರಿಸಬೇಕು. ಆದರೆ ತತ್ತಿಯನ್ನು ಮುಟ್ಟಿದರೆ ಒಳಗೆ ಜೀವ ಇದೆ.

"ಇದು ನಿಧಾನದ್ದು. ಇದನ್ನ ಬಿಟ್ಟು ಹೋದರೆ ಇಷ್ಟು ದಿನ ಬೆಚ್ಚಗಿಟ್ಟಿದ್ದು ಇದಕ್ಕೆ ಮೋಸ ಮಾಡಿದ ಹಾಗೆ" ಅಂದಳು.

ದ್ಯಾವಕ್ಕ ಮರಿಗಳನ್ನು ಬುಟ್ಟಿಯಲ್ಲಿ ತುಂಬಿ ಒಲೆಯ ಪಕ್ಕ ಇಟ್ಟುಕೊಂಡಳು. ಸಜ್ಜೆ ನುಚ್ಚು ನೆನೆಸಿ ಉಣಿಸಿದಳು. ಬೈರ ಗೆದ್ದಲು ಹುಡುಕಿ ತಂದ. ಮರಿಗಳು ಬುಟ್ಟಿಯಿಂದ ಚಿಂವ್ ಅನ್ನುತ್ತಿದ್ದವು, ಕೆಂಚಿ ಮೂಲೆಯಿಂದ ಕ್ಲುಕ್ ಅನ್ನುತ್ತಿದ್ದಳು. ಹೊತ್ತು ಇಳಿದಾಗ ದ್ಯಾವಕ್ಕ ಅವನ್ನು ಅವಳ ರೆಕ್ಕೆಯ ಕೆಳಗೆ ಬಿಡುತ್ತಿದ್ದಳು. ತನ್ನದಲ್ಲದ ಆ ಒಂದು ತತ್ತಿಗಾಗಿ ಕೆಂಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಎದೆಗೆ ತಂದುಕೊಂಡು, ಮತ್ತಷ್ಟು ದಿನ ಕೂತಳು.

ಆ ತತ್ತಿ ಒಡೆದ ದಿನವೇ ಸೂರ್ಯನಿಗೆ ಎಚ್ಚರವಾಯಿತು.

ಅವನು ಮುಗಿಲನ್ನು ಸರಿಸಿ ಕೆಳಗೆ ನೋಡಿದ. ಮರಳಿನ ದಿಬ್ಬದಲ್ಲಿ ಒಂದೂ ತತ್ತಿ ಇಲ್ಲ. ಒಂದೂ ಮರಿ ಇಲ್ಲ. ಅವನಿಗೆ ನಾಚಿಕೆಯಾಯಿತು.

"ನಾನು ಮಲಗಿಬಿಟ್ಟೆ. ಎಲ್ಲ ಹೋಯ್ತಾ?" ಅಂತ ಹೊಳೆಯನ್ನು ಕೇಳಿದ.

"ಅಲ್ಲಿ ನೋಡು" ಅಂದಿತು ಹೊಳೆ.

ಗುಡಿಸಲ ಮುಂದಿನ ಅಂಗಳದಲ್ಲಿ, ಬಿಳಿಚಿದ ಜುಟ್ಟಿನ, ಬರಿಎದೆಯ, ಒಣಗಿದ ಒಂದು ಕೋಳಿ ನೆಲ ಕೆದರುತ್ತಿತ್ತು. ಅದರ ಹಿಂದೆ ಮರಿಗಳ ಸಾಲು. ಸಾಲಿನ ಕೊನೆಯಲ್ಲಿ ಚಪ್ಪಟೆ ಕೊಕ್ಕಿನದೊಂದು, ಓಲಾಡಿಕೊಂಡು ಬರುತ್ತಿತ್ತು.

ಸೂರ್ಯ ಬಿಸಿಲಾಗಿ ಕೆಳಗಿಳಿದು ಅವಳ ಮುಂದೆ ನಿಂತ. "ನಿನಗೆ ಬಹಳ ಕಷ್ಟ ಕೊಟ್ಟೆ ಕೆಂಚಿ. ಇನ್ನು ನಾನೇ ನೋಡ್ಕೋತೀನಿ. ನೀನು ಮೊದಲಿನ ಹಾಗೆ ತತ್ತಿ ಇಟ್ಟು ಹಾಯಾಗಿ ಓಡಾಡ್ಕೊಂಡಿರು."

ಕೆಂಚಿ ತಲೆ ಎತ್ತಿದಳು. "ಬೇಡಪ್ಪಾ" ಅಂದಳು.

"ಯಾಕೆ?"

"ನೀನು ಕಾವು ಕೊಟ್ಟಾಗ ಎಷ್ಟೋ ಮರಿ ಬಂದವು. ಒಂದೂ ನನ್ನ ಹಿಂದೆ ಬರಲಿಲ್ಲ."

ಸೂರ್ಯ ಆ ಮರಿಗಳ ಸಾಲನ್ನು ನೋಡಿದ. ಲೋಕವನ್ನೆಲ್ಲ ಕಾಯಿಸುವ ಅವನ ಹಿಂದೆ ಯಾರೂ ಹಾಗೆ ಸಾಲಾಗಿ ಬಂದಿರಲಿಲ್ಲ. ಅವನು ವಾದ ಮಾಡಲಿಲ್ಲ. ತನ್ನ ಬಿಸಿಯಲ್ಲಿ ಒಂದು ಹಿಡಿ ತೆಗೆದು ಅವಳ ಬರಿಎದೆಯ ಒಳಗೆ ಇಟ್ಟ. "ಕಾವಿಗೆ ಕೂತಾಗ ಇದು ನಿನಗಿರಲಿ" ಅಂದ.

ಬಿಸಿಲು ಕಂಡು ತೆಂಕಣ ಬೆಟ್ಟದಿಂದ ಹಕ್ಕಿಗಳು ಹಿಂದಿರುಗಿದವು. ಕೆಂಚಿಯ ಹಿಂದಿನ ಸಾಲು ನೋಡಿ ಸುತ್ತ ನೆರೆದವು. ನವಿಲು ಹತ್ತಿರ ಬಂದು, ಮೆಲ್ಲಗೆ, "ಹೇಗೆ ಕೂತೆ, ನಮಗೂ ಹೇಳು" ಅಂದಿತು. ಕೆಂಚಿ ಹೇಳಿದಳು. ಉಬ್ಬುವುದು ಹೇಗೆ, ತಿರುವುವುದು ಹೇಗೆ, ಬೇಗ ತಿಂದು ಬರುವುದು ಹೇಗೆ. ಎಲ್ಲವೂ ಕೇಳಿಸಿಕೊಂಡವು. ಕೋಗಿಲೆ ಮಾತ್ರ ಆಗ ಮಾವಿನ ಮರದಲ್ಲಿ ಹಾಡುತ್ತಿತ್ತು, ಕೇಳಿಸಿಕೊಳ್ಳಲಿಲ್ಲ. ಬಾತುಕೋಳಿ ಕೇಳಿಸಿಕೊಂಡಿತು, ಆದರೆ ಅರ್ಧ ಮರೆಯಿತು.

ಪಾಠ ಮುಗಿದ ಮೇಲೆ ಹಕ್ಕಿಗಳು ಮರ, ಪೊದೆ, ನೀರಿನ ಕಡೆಗೆ ಹೊರಟವು. "ಬಾ ಕೆಂಚಿ" ಅಂತ ಕರೆದವು.

ಕೆಂಚಿ ಗುಡಿಸಲ ಕಡೆ ತಿರುಗಿ ನೋಡಿದಳು. ಬಾಗಿಲಲ್ಲಿ ದ್ಯಾವಕ್ಕ ನಿಂತಿದ್ದಳು. ಅವಳೇನೂ ಕರೆಯಲಿಲ್ಲ.

"ಮುಂದಿನ ಸಲ ನಾನು ತಿನ್ನೋಕೆ ಎದ್ದಾಗ ಅಲ್ಲಿ ತತ್ತಿಗಳ ಮೇಲೆ ಯಾರು ಕೈ ಇಡ್ತಾರೆ?" ಅಂತ ಕೆಂಚಿ ಹಕ್ಕಿಗಳನ್ನು ಕೇಳಿದಳು. ಅವಳು ಮರಿಗಳನ್ನು ಕರೆದುಕೊಂಡು, ಕ್ಲುಕ್, ಕ್ಲುಕ್ ಅನ್ನುತ್ತಾ ಅಂಗಳ ದಾಟಿ ಒಳಗೆ ಹೋದಳು.

ಅದಕ್ಕೇ ಮಗು, ಮಿಕ್ಕ ಹಕ್ಕಿಗಳೆಲ್ಲ ಮರ, ಪೊದೆ, ನೀರು ಸೇರಿದರೂ ಕೋಳಿ ಮಾತ್ರ ಮನುಷ್ಯರ ಮನೆಯಲ್ಲಿದೆ. ಯಾರ ತತ್ತಿ ಇಟ್ಟರೂ ತನ್ನದೆಂದೇ ಕಾವು ಕೊಡುತ್ತದೆ. ನಮ್ಮ ಮನೆಯ ಮೂಲೆಯಲ್ಲಿ ಮಂಕರಿಯ ಕೆಳಗೆ ಮೈ ಉಬ್ಬಿಸಿ ಕೂತಿರುವ ಆ ಹೇಂಟೆಯ ಎದೆಯ ಕೆಳಗೆ ಇವತ್ತು ಕೈ ಹಾಕಿದರೆ ನಿನಗೆ ಮೊದಲು ಒಂದು ಹಿಡಿ ಬಿಸಿಲು ತಾಗುತ್ತದೆ, ಆಮೇಲೆ ಒಂದು ಕುಕ್ಕು ಬೀಳುತ್ತದೆ.